ನೋವು ಯಾರದು, ನಿರ್ಧಾರ ಯಾರದು?

ಕಂಬದೂರು ಸೀಮೆಯ ಕಡಲೆಕಾಯಿ ಹೊಲಗಳಲ್ಲಿ ಬಗ್ಗಿ ಕಳೆ ಕಿತ್ತವರಿಗೆ ಸೊಂಟನೋವು ಹೊಸ ನೆಂಟನಲ್ಲ. ನನ್ನ ತಾಯಿಯೂ ಹೀಗೆ ದುಡಿದವಳೇ. ನೋವು ಸೊಂಟದಿಂದ ಕಾಲಿಗಿಳಿದಾಗ ಒಬ್ಬ ವೈದ್ಯರು ಶಸ್ತ್ರಚಿಕಿತ್ಸೆಯೇ ಲೇಸೆಂದರು. ಮತ್ತೊಬ್ಬರು ಔಷಧ, ವ್ಯಾಯಾಮಗಳಿಂದ ಕಾದು ನೋಡೋಣವೆಂದರು. ಮಕ್ಕಳಾದ ನಾವು ಜಗುಲಿಯ ಮೇಲೆ ಕುಳಿತು ರಾತ್ರಿಯೆಲ್ಲ ಚರ್ಚಿಸಿದೆವು. ಒಳಗೆ ಮಲಗಿದ್ದ ಅಮ್ಮನನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ವೈದ್ಯಶಾಸ್ತ್ರ ಇಲ್ಲಿ ಒಂದೇ ಮಾತಿನ ಉತ್ತರ ಕೊಡುವುದಿಲ್ಲ. ಮಲಮೂತ್ರಗಳ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದುತ್ತ ಹೋದರೆ ತಡಮಾಡುವಂತಿಲ್ಲ. ನರದ ಮೇಲೆ ಒತ್ತಡವಿಲ್ಲದ ಬರಿಯ ಸೊಂಟನೋವಿಗೆ ಶಸ್ತ್ರಚಿಕಿತ್ಸೆಯ ಪ್ರಯೋಜನ ಅಷ್ಟು ಖಚಿತವಲ್ಲ. ಇವೆರಡರ ನಡುವಿನ ಸ್ಥಿತಿಯೇ ತೊಡಕಿನದು. 2007ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಡಿಸ್ಕ್ ಜಾರಿ ಕಾಲುನೋವಿನಿಂದ ಬಳಲುತ್ತಿದ್ದ 283 ಜನರನ್ನು ಎರಡು ಗುಂಪು ಮಾಡಿದರು. ಬೇಗ ಶಸ್ತ್ರಚಿಕಿತ್ಸೆಗೆ ಒಳಗಾದವರ ನೋವು ಬೇಗ ಇಳಿಯಿತು. ಕಾಯಲು ಹೊರಟವರಲ್ಲಿ ನೂರಕ್ಕೆ 39 ಮಂದಿ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು; ಉಳಿದವರಿಗೆ ಅದು ಬೇಕಾಗಲಿಲ್ಲ. ವರ್ಷ ತುಂಬುವಾಗ ಎರಡೂ ಗುಂಪುಗಳಲ್ಲಿ ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು.

ಹಾಗಾದರೆ ಉಳಿಯುವ ಪ್ರಶ್ನೆ ಶಾಸ್ತ್ರದ್ದಲ್ಲ: ಕೆಲವು ತಿಂಗಳ ನೋವಿನ ಬೆಲೆಯೆಷ್ಟು? ದಿನಗೂಲಿಯಿಂದ ಬದುಕುವವನಿಗೆ ಆ ತಿಂಗಳುಗಳು ಒಲೆಯ ಪ್ರಶ್ನೆ. ಮನೆತುಂಬ ಜನವಿರುವವರಿಗೆ ತಾಳ್ಮೆಯ ಪ್ರಶ್ನೆ. ನೋವು ಹೊತ್ತವರ ಹೊರತು ಬೇರಾರೂ ಆ ಬೆಲೆಯನ್ನು ಕಟ್ಟಲಾರರು. ನಾವು ಅಮ್ಮನ ಮೇಲಿನ ಪ್ರೀತಿಯಿಂದಲೇ ಚರ್ಚಿಸಿದೆವು, ನಿಜ. ಆದರೆ ಆ ಪ್ರೀತಿಯೇ ಅವಳ ಹಕ್ಕನ್ನು ಕಸಿದುಕೊಂಡಿತ್ತು.

"ನೀವು ಹೇಳಿದ ಹಾಗೆ ಆಗಲಿ" ಎನ್ನುವ ಹಿರಿಯರ ಮಾತನ್ನು ನಾವು ಸಮ್ಮತಿಯೆಂದು ತಿಳಿಯುತ್ತೇವೆ. ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿಗಳನ್ನು ತಿಳಿಸಿ ಪಡೆದದ್ದೇ ನಿಜವಾದ ಸಮ್ಮತಿಯೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ತಿಳಿಸುವುದೆಂದರೆ ತಿಳಿಯುವ ನುಡಿಯಲ್ಲಿ ಹೇಳುವುದು. ಗಡಿನಾಡಿನ ನಮ್ಮ ಮನೆಗಳಲ್ಲಿ ಚೀಟಿ ಇಂಗ್ಲಿಷಿನದು, ವೈದ್ಯರ ಮಾತು ತೆಲುಗಿನದು, ನರಳಾಟ ಮಾತ್ರ ಕನ್ನಡದ್ದು.

ಮರುದಿನ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆವು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಯಾರ ಕೈಯೂ ಹಿಡೀದೆ ಎದ್ದು ನನ್ನ ಕೆಲಸ ನಾನು ಮಾಡ್ಕೊಂಡ್ರೆ ಸಾಕಪ್ಪ. ಇಷ್ಟು ದಿನ ತಡಕೊಂಡಿದೀನಿ, ಇನ್ನು ಮೂರು ತಿಂಗಳು ನೋಡಾನ" ಎಂದಳು.

ನೋವು ನಿಧಾನವಾಗಿ ಇಳಿಯಿತು. ಇಳಿಯದೆ ಇದ್ದಿದ್ದರೂ ಅವಳನ್ನು ಕೇಳಿದ್ದು ಸರಿಯೇ ಆಗಿರುತ್ತಿತ್ತು.