ಒಂದೇ ಒಲೆ, ಬೇರೆ ಲೆಕ್ಕ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕುಳಿತು ಕಲಿತ ಪಾಠ ಒಂದಿತ್ತು: ಅಪ್ಪನ ಖಾತೆಯ ಹಣ ಮಗಳದ್ದಲ್ಲ. ಮನೆ ಒಂದೇ ಆದರೂ ಲೆಕ್ಕ ಬೇರೆ. ನಿವೃತ್ತನಾದ ಮೇಲೆ, 2024ರಲ್ಲಿ, ಡೊಂಬಿವಲಿಯ ನಮ್ಮ ಕಟ್ಟಡದ ವಾಚ್‌ಮನ್ ಈ ಪಾಠವನ್ನು ಮತ್ತೆ ಓದುವಂತೆ ಮಾಡಿದ.

ಅವನು ಯಾದಗಿರಿ ಕಡೆಯವನು. ಊರು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಮಗಳಿಗೆ ಇಪ್ಪತ್ತೆಂಟು. ಹುಟ್ಟಿನಿಂದಲೇ ಕಾಲಲ್ಲಿ ಬಲವಿಲ್ಲ. ಕೂತಲ್ಲೇ ಸೀರೆಗೆ ಫಾಲ್ ಹೊಲಿಯುತ್ತಾಳೆ. ಮಹಾರಾಷ್ಟ್ರದಲ್ಲಿ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ ಅಂತ ಒಂದಿದೆ. ಈ ರಾಜ್ಯದಲ್ಲಿ ಹದಿನೈದು ವರ್ಷ ವಾಸವಿರಬೇಕು. ಅಂದರೆ ನಮ್ಮಂಥ ಹೊರಗಿನವರಿಗೂ ಬಾಗಿಲು ಮುಚ್ಚಿಲ್ಲ. ಅಂಗವೈಕಲ್ಯ ಶೇಕಡಾ 40 ಇರಬೇಕು, ಅವಳಿಗೆ 75. ಆಗ ತಿಂಗಳಿಗೆ 1,500 ರೂಪಾಯಿ ಇತ್ತು. 2025ರ ಅಕ್ಟೋಬರಿನಿಂದ ಅಂಗವಿಕಲರಿಗೆ 2,500 ಆಗಿದೆ. ತೊಡಕು ಒಂದೇ: ಕುಟುಂಬದ ವರ್ಷದ ಆದಾಯ 50,000 ಮೀರಬಾರದು. ತಿಂಗಳಿಗೆ ನಾಲ್ಕು ಸಾವಿರದ ಚಿಲ್ಲರೆ! ಅಪ್ಪನ ಪಗಾರವೇ 14,000.

ಯಾರೋ ಏಜೆಂಟು ದಾರಿ ಹೇಳಿಕೊಟ್ಟಿದ್ದ: ಮಗಳಿಗೆ ಬೇರೆ ರೇಷನ್ ಕಾರ್ಡು ಮಾಡಿಸಿ, ಅವಳು ಬೇರೆ ಇದ್ದಾಳೆಂದು ದೊಡ್ಡವರಿಂದ ಒಂದು ಪತ್ರ ತನ್ನಿ ಅಂತ. “ಸಾಹೇಬ್ರ, ಆಕಿ ಬ್ಯಾರೆ ಖೋಲ್ಯಾಗ ಇರ್ತಾಳಂತ ಒಂದ್ ಚೀಟಿ ಬರದು ಸಹಿ ಮಾಡ್ರಿ. ನೀವು ಬ್ಯಾಂಕಿನ್ಯಾಗ ಇದ್ದವ್ರು, ನಿಮ್ಮ ಮಾತು ನಡೀತದ” ಅಂದ.

ಆಗೋದಿಲ್ಲಪ್ಪ ಎಂದೆ. ಅದೇನು ಕಷ್ಟವಾಗಲಿಲ್ಲ, ಸುಳ್ಳು ಕಾಗದಗಳನ್ನು ತಿರಸ್ಕರಿಸುವುದೇ ನನ್ನ ಉದ್ಯೋಗವಾಗಿತ್ತು. ನಿದ್ದೆ ಬಾರದೇ ಹೋದದ್ದು ಆಮೇಲೆ.

ನಿಯಮದಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳಲಾರೆ. ಸರಕಾರದ ಬೊಕ್ಕಸಕ್ಕೂ ತಳವಿದೆ. ಕಾರು ಬಂಗಲೆ ಇರುವ ಮನೆಯ ಅಂಗವಿಕಲ ಮಗನನ್ನೂ ಫುಟ್‌ಪಾತಿನಲ್ಲಿ ಮಲಗುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಒಂದೇ ಒಲೆಯಲ್ಲಿ ಬೆಂದ ಅನ್ನ ಎಲ್ಲರ ಹೊಟ್ಟೆಗೂ ಹೋಗುತ್ತದೆ, ನಿಜ.

ಆದರೆ ಅನ್ನ ಹಂಚಿಕೊಂಡಂತೆ ಸ್ವಾತಂತ್ರ್ಯವನ್ನು ಹಂಚಿಕೊಳ್ಳಲು ಬರುತ್ತದೆಯೇ? ಆಸ್ಪತ್ರೆಗೆ ಹೋಗಲು ರಿಕ್ಷಾದ ದುಡ್ಡಿಗೂ ಇಪ್ಪತ್ತೆಂಟರ ಹೆಣ್ಣುಮಗಳು ಅಪ್ಪನ ಮುಖ ನೋಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅವರು ಸ್ವತಂತ್ರವಾಗಿ ಅಥವಾ ಸಮುದಾಯದ ನಡುವೆ ಬದುಕುವ ಮಾತಾಡುತ್ತದೆ. ಮನೆಯೊಳಗಿದ್ದೂ ಸ್ವತಂತ್ರವಾಗಿರಬೇಕೆಂದರೆ ಕೈಯಲ್ಲಿ ನಾಲ್ಕು ಕಾಸು ತನ್ನದೆನ್ನುವುದು ಬೇಡವೇ?

ಇನ್ನೂ ಒಂದು ಮಾತು. ಬೇರೆ ಅಳತೆಗೋಲು ನಮ್ಮಲ್ಲೇ ಇದೆ. ಕೇಂದ್ರ ಸರಕಾರಿ ನೌಕರ ತೀರಿಕೊಂಡರೆ ಅವನ ಅಂಗವಿಕಲ ಮಗುವಿಗೆ ಜೀವಮಾನವಿಡೀ ಕುಟುಂಬ ಪಿಂಚಣಿ ಸಿಗಬಹುದು. ಅಲ್ಲಿ ನೋಡುವುದು ಮಗುವಿನ ಸ್ವಂತ ಆದಾಯವನ್ನು. 2021ರ ಫೆಬ್ರವರಿಯಲ್ಲಿ ಆ ಮಿತಿಯನ್ನೂ ಸಡಿಲಿಸಿದರು. 1961ರ ಆದಾಯ ತೆರಿಗೆ ಕಾಯಿದೆಯ 80ಡಿಡಿ ಕಲಮು, ಅವಲಂಬಿತ ಅಂಗವಿಕಲರನ್ನು ನೋಡಿಕೊಳ್ಳುವವರಿಗೆ 75,000 ರೂಪಾಯಿಯ ವಿನಾಯಿತಿ ಕೊಟ್ಟಿತ್ತು. ವೈಕಲ್ಯ ತೀವ್ರವಿದ್ದರೆ 1,25,000. ತೆರಿಗೆ ಕಟ್ಟುವಷ್ಟು ಸಂಬಳವಿದ್ದವನು ಮಗಳನ್ನು ಜೊತೆಗಿಟ್ಟುಕೊಂಡರೆ ಬಹುಮಾನ, ವಾಚ್‌ಮನ್ ಇಟ್ಟುಕೊಂಡರೆ ದಂಡ! ಪಿಂಚಣಿ ದುಡಿಮೆಯ ಫಲ, ಇದು ಅನುದಾನ ಎಂದು ವಾದಿಸಬಹುದು. ಆದರೆ ಹನ್ನೆರಡು ತಾಸು ಗೇಟು ಕಾಯುವುದು ದುಡಿಮೆಯಲ್ಲವೇ?

ಕೊನೆಗೆ ನಿಜವಾದ ಆದಾಯವನ್ನೇ ತೋರಿಸಿ ನಾನೇ ಅರ್ಜಿ ಬರೆದುಕೊಟ್ಟೆ. ನಿರೀಕ್ಷೆಯಂತೆ ತಿರಸ್ಕೃತವಾಯಿತು. ಸುದ್ದಿ ಹೇಳಲು ಹೋದಾಗ ಹುಡುಗಿ ಸೂಜಿಯಿಂದ ಕಣ್ಣೆತ್ತದೆ ಅಂದಳು: “ರೊಕ್ಕ ಬಂದಿದ್ರ ಛಲೋ ಆಗ್ತಿತ್ರಿ. ಆದ್ರ ಬ್ಯಾರೆ ಎಲ್ಲಿದ್ದಿ ಅಂತ ಯಾರರ ಕೇಳಿದ್ರ, ನಾ ಯಾವ ಮನಿ ತೋರಸ್ಲಿ?”

ಸಹಿ ಹಾಕದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಹೆಮ್ಮೆಯೂ ಇಲ್ಲ. ನನ್ನ ಪಿಂಚಣಿ ಒಂದನೇ ತಾರೀಖಿಗೆ ಖಾತೆಗೆ ಬರುತ್ತಿದೆ. ಸತ್ಯ ಹೇಳಿದ್ದಕ್ಕೆ ನನಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಅದರ ಕಂತನ್ನು ಪ್ರತಿ ತಿಂಗಳು ಕಟ್ಟುತ್ತಿರುವವಳು ಅವಳು.