ಗೃಹಾರಂಭವೂ ವೃಕ್ಷಚ್ಛೇದವೂ

ಮನೆಗಾಗಿ ಕಾಡು ಸವರುವವನಿಗೆ ಮೂರು ಸಾಧನಗಳುಂಟು: ಬೆಂಕಿ, ಯಂತ್ರ, ಕೊಡಲಿ. ಇವುಗಳಲ್ಲಿ ಯಾವುದು ಧರ್ಮ್ಯ? ಬೆಂಕಿಗೆ ವಿವೇಕವಿಲ್ಲ, ಖಾಂಡವದಹನದಲ್ಲಿ ಉಳಿದ ಜೀವಗಳು ಆರೇ ಎನ್ನುತ್ತದೆ ಮಹಾಭಾರತ. ಯಂತ್ರವು ಬೇರಿನೊಡನೆ ಮೇಲ್ಮಣ್ಣನ್ನೂ ಕೀಳುವುದರಿಂದ, ಇಳಿಜಾರಿನ ನೆಲವು ಮುಂದಣ ಮಳೆಗೆ ಕೊಚ್ಚಿಹೋಗುವುದು. ಕೊಡಲಿಯಾದರೋ ನಿಧಾನ, ಆ ನಿಧಾನವೇ ಅದರ ಗುಣ. ಒಂದೊಂದು ಮರದ ಮುಂದೆಯೂ ನಿಂತು, ಇದನ್ನು ಕಡಿಯಲೇಬೇಕೆ ಎಂದು ಯೋಚಿಸಲು ಅದು ಎಡೆಗೊಡುತ್ತದೆ.

ಪ್ರತಿಮೆಗಾಗಿ ಮರ ಕಡಿಯುವವನು ಹಿಂದಿನ ರಾತ್ರಿ ಅದನ್ನು ಪೂಜಿಸಿ, ಅಲ್ಲಿ ನೆಲಸಿದ ಭೂತಗಳು ಬೇರೆಡೆಗೆ ತೆರಳಲೆಂದು ಬೇಡಬೇಕೆಂಬುದು ವರಾಹಮಿಹಿರನ ಬೃಹತ್ಸಂಹಿತೆಯ ವಿಧಿ. ಭೂತಗಳನ್ನು ನಂಬದವರೂ ಆ ಗಡುವಿನ ಔಚಿತ್ಯವನ್ನು ಒಪ್ಪಬಹುದು.

ನಾನು ಗಡುವು ಕೊಡಲಿಲ್ಲ; ಮುಹೂರ್ತವು ಸಮೀಪಿಸಿತೆಂದು ಪೊದೆಗಳಿಗೆ ಬೆಂಕಿ ಹಾಕಿಸಿದೆನು. ಮರುದಿನ ಬೂದಿಯ ಮೇಲೆ ಸುತ್ತುತ್ತಿದ್ದ ಹಕ್ಕಿಯು ಇಂದಿಗೂ ಕಣ್ಣೆದುರಿಗಿದೆ. ಅನ್ಯರನ್ನು ಹೊರಡಿಸಿಯೇ ಮನೆ ಏಳಬೇಕಾದರೆ, ಅವರು ಹೊರಡುವವರೆಗಾದರೂ ಕಾಯುವುದು ಗೃಹಸ್ಥನ ಮೊದಲ ಧರ್ಮ.