ಅಟ್ಟದ ಮೇಲಿನ ಕಾಯಿ

ನಮ್ಮ ಬಾಣಾವರದ ಕಡೆ ತೆಂಗಿನಕಾಯಿ ಕಿತ್ತ ಕೂಡಲೇ ಮಾರಲು ಯಾರಿಗೂ ಮನಸ್ಸಾಗುವುದಿಲ್ಲ. ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳು ಕಾಯಿ ಅಲ್ಲೇ ಕತ್ತಲಲ್ಲಿ ಕೂತಿರುತ್ತದೆ. ಒಳಗಿನ ನೀರು ತಾನೇ ಇಂಗಬೇಕು, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟುಕು ಉರುಳುವ ಸದ್ದು ಕೇಳಬೇಕು. ಆಮೇಲೆಯೇ ಸುಲಿದು, ಒಡೆದು, ಅರಸೀಕೆರೆಗೋ ತಿಪಟೂರಿಗೋ ಉಂಡೆಕೊಬ್ಬರಿ ಒಯ್ಯುವುದು.

ಅಕ್ಕನ ಮದುವೆಯ ವರ್ಷ ಅಪ್ಪ ಐದನೇ ತಿಂಗಳಿಗೇ ಅಟ್ಟ ಖಾಲಿ ಮಾಡಿದರು. ಸಾಲ ಕೊಟ್ಟವರು ಯುಗಾದಿಯ ಗಡುವು ಹಾಕಿದ್ದರು. ಅರ್ಧ ಒಣಗಿದ ಕಾಯಿ ಬಂದ ಬೆಲೆಗೆ ಹೋಯಿತು. ಮುಂದೆ ದೀಪಾವಳಿಯ ಹೊತ್ತಿಗೆ ಕೊಬ್ಬರಿ ಧಾರಣೆ ಏರಿದ್ದನ್ನು ಯಾರೋ ಹೇಳಿದಾಗ ಅಪ್ಪ ಮಾತನಾಡಲಿಲ್ಲ. ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರು. ಕಾಯಿಯಲ್ಲಿ ದೋಷವಿರಲಿಲ್ಲ, ತೋಟದಲ್ಲೂ ಇರಲಿಲ್ಲ. ಕಾಯಿಗೆ ಬೇಕಿದ್ದ ತಿಂಗಳುಗಳು ಬೇರೆ, ಸಾಲಕ್ಕಿದ್ದ ತಿಂಗಳುಗಳು ಬೇರೆ.

ಸೋತ ಸಿನಿಮಾಗಳ ಮಾತು ಬಂದಾಗಲೆಲ್ಲ ನನಗೆ ಆ ಖಾಲಿ ಅಟ್ಟ ನೆನಪಾಗುತ್ತದೆ.

ಸಿನಿಮಾ ಸೋಲುತ್ತದೆ ಎಂಬುದೇ ಚಿಕ್ಕವನಿದ್ದಾಗ ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಓಡಿ, ಜಿಲ್ಲೆಗಳನ್ನು ಸುತ್ತಿ, ತಾಲ್ಲೂಕುಗಳನ್ನು ಮುಗಿಸಿ, ಮೈತುಂಬ ಗೀರು ಬಿದ್ದ ಮೇಲೆ ಡಬ್ಬಗಳು ಟೆಂಟಿಗೆ ಬರುತ್ತಿದ್ದವು. ಅಷ್ಟು ಹೊತ್ತಿಗೆ ನೂರು ದಿನ ಓಡಿದ್ದೂ ಒಂದೇ, ಒಂದೇ ವಾರಕ್ಕೆ ಎತ್ತಂಗಡಿಯಾದದ್ದೂ ಒಂದೇ. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ಭಕ್ತಿಗೀತೆ ಕೇಳಿಸಿದರೆ ಟಿಕೆಟ್ ಕೊಡುವ ಹೊತ್ತಾಯಿತೆಂದು ಲೆಕ್ಕ. ನಾವು ನೆಲದ ಟಿಕೆಟ್ಟಿನವರು, ಮುಂದೆ ಕೂರುವವನ ತಲೆ ಅಡ್ಡ ಬರದಂತೆ ಮಣ್ಣನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು. ಇದ್ದದ್ದು ಒಂದೇ ಪ್ರೊಜೆಕ್ಟರು. ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು, ಕಡಲೆಕಾಯಿಯವನು ಬರುತ್ತಿದ್ದ.

'ಶಾಂತಿ ಕ್ರಾಂತಿ'ಯನ್ನು ನಾನು ನೋಡಿದ್ದು ಹೀಗೆ. ರವಿಚಂದ್ರನ್ ಪೊಲೀಸ್ ವೇಷದಲ್ಲಿ. ಮಕ್ಕಳ ಅಂಗಾಂಗ ಕದ್ದು ಮಾರುವ ದುಷ್ಟರ ಕತೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಅದು ಲುಕ್ಸಾನಾದ ಚಿತ್ರವೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಊರು ಬಿಟ್ಟು ಕಾಲೇಜಿಗೆ ಹೋದಾಗ. ಯಾರೋ ನಗುತ್ತ "ಅದು ತೋಪು" ಎಂದರು. ನನಗೆ ಯಾಕೋ ಬೇಜಾರಾಯಿತು.

ಆ ಚಿತ್ರದ ಲೆಕ್ಕ ಈಗ ಎಲ್ಲರಿಗೂ ಗೊತ್ತಿದೆ. 1987ರ 'ಪ್ರೇಮಲೋಕ' ಗೆದ್ದ ಹುಮ್ಮಸ್ಸಿನಲ್ಲಿದ್ದ ನಿರ್ದೇಶಕ ರವಿಚಂದ್ರನ್ ಕನ್ನಡ, ತೆಲುಗು, ತಮಿಳು, ಹಿಂದಿ ನಾಲ್ಕೂ ಭಾಷೆಗಳಲ್ಲಿ ಒಟ್ಟಿಗೆ ಚಿತ್ರ ತೆಗೆಯಲು ಹೊರಟರು. ತೆಲುಗಿಗೆ ನಾಗಾರ್ಜುನ, ತಮಿಳು ಮತ್ತು ಹಿಂದಿಗೆ ರಜನೀಕಾಂತ್. ಆಗಿನ ಕಾಲಕ್ಕೆ ಹತ್ತು ಕೋಟಿ ರೂಪಾಯಿ ಹಾಕಿದರೆಂದು ಹೇಳುತ್ತಾರೆ. 1991ರಲ್ಲಿ ತೆರೆಗೆ ಬಂದು ಮಕಾಡೆ ಮಲಗಿತು. ಇವತ್ತು ಬೆಂಗಳೂರಿನಲ್ಲಿ ಕೂತು ಐದು ಭಾಷೆಯ ಚಿತ್ರ ಮಾಡುವುದನ್ನು ನಾವು ಸಾಮಾನ್ಯವೆಂಬಂತೆ ನೋಡುತ್ತೇವೆ. ಆ ದಾರಿಗೆ ಮೊದಲು ಕಾಲಿಟ್ಟವರ ಕಾಲಿಗೆ ಎಷ್ಟು ಮುಳ್ಳು ಚುಚ್ಚಿತ್ತೆಂದು ಕೇಳುವವರು ಕಡಿಮೆ. ಅದೇ ವರ್ಷ ಬಂದ 'ರಾಮಾಚಾರಿ' ಅವರನ್ನು ಎತ್ತಿ ನಿಲ್ಲಿಸಿತು. ಅದು ತಮಿಳಿನಲ್ಲಿ ಆಗಲೇ ಗೆದ್ದಿದ್ದ ಕತೆ. ಬಿದ್ದವರು ಮೇಲೇಳಲು ಹಿಡಿಯುವ ಕೊಂಬೆ ಯಾವಾಗಲೂ ಗಟ್ಟಿಯೆಂದು ಗೊತ್ತಿರುವ ಕೊಂಬೆಯೇ. ಆದರೂ ಹತ್ತು ವರ್ಷ ಕಳೆದ ಮೇಲೆ, 2002ರಲ್ಲಿ, ಅದೇ ಮನುಷ್ಯ 'ಏಕಾಂಗಿ' ಎಂಬ ಹೊಸ ಬಗೆಯ ಚಿತ್ರಕ್ಕೆ ಮತ್ತೆ ದುಡ್ಡು ಸುರಿದರು. ರಾಜ್ಯ ಪ್ರಶಸ್ತಿಗಳು ಬಂದವು, ಹಾಕಿದ ಹಣ ಬರಲಿಲ್ಲ. ಒಮ್ಮೆ ಸುಟ್ಟ ಕೈಯನ್ನೇ ಮತ್ತೆ ಒಲೆಗೆ ಒಡ್ಡುವ ಈ ಹಟದ ಬಗ್ಗೆ ನನಗೆ ಗೌರವವಿದೆ. 'ಶಾಂತಿ ಕ್ರಾಂತಿ'ಗೆ ಹಂಸಲೇಖ ಮಾಡಿಕೊಟ್ಟ ಹಾಡುಗಳು ಊರಹಬ್ಬದ ಆರ್ಕೆಸ್ಟ್ರಾಗಳಲ್ಲಿ ಈಗಲೂ ಕೇಳುತ್ತವೆ. ಕುಣಿಯುವ ಹುಡುಗರು ಆ ಚಿತ್ರ ಬಂದಾಗ ಹುಟ್ಟಿರಲೂ ಇಲ್ಲ.

ಹಾಗೆಂದು ಸೋಲನ್ನು ಹೂವಿನಿಂದ ಅಲಂಕರಿಸಲು ನನಗೆ ಇಷ್ಟವಿಲ್ಲ. ಒಂದು ಚಿತ್ರ ಬಿದ್ದರೆ ಬೀಳುವವರು ಬಹಳ ಜನ. ಬಡ್ಡಿಗೆ ತಂದ ನಿರ್ಮಾಪಕ, ಏರಿಯಾ ಲೆಕ್ಕದಲ್ಲಿ ಹಕ್ಕು ಕೊಂಡ ಹಂಚಿಕೆದಾರ, ಮುಂಗಡ ಕೊಟ್ಟು ಡಬ್ಬಕ್ಕೆ ಕಾದ ತಾಲ್ಲೂಕಿನ ಚಿತ್ರಮಂದಿರದವನು, ಕೊನೆಯ ಕಂತಿನ ಕೂಲಿ ಬಾಕಿಯಿದ್ದ ಲೈಟ್ ಹುಡುಗರು. ಅಟ್ಟಕ್ಕೆ ಹಾಕಿದ ಕಾಯೆಲ್ಲ ಕೊಬ್ಬರಿಯಾಗುವುದಿಲ್ಲ ಎಂಬುದೂ ನಿಜ. ಕೆಲವು ಒಳಗೇ ಕೊಳೆಯುತ್ತವೆ, ಒಡೆದಾಗ ನಾರುತ್ತವೆ. ಜನ ಬೇಡವೆಂದ ಎಷ್ಟೋ ಚಿತ್ರಗಳ ವಿಷಯದಲ್ಲಿ ಜನರ ತೀರ್ಮಾನವೇ ಸರಿ. ನನ್ನ ಸಂಕಟವಿರುವುದು ಉಳಿದ ಆ ಕೆಲವು ಚಿತ್ರಗಳ ಬಗ್ಗೆ.

ಜನ ಬಂದರೂ ದುಡ್ಡು ಮುಳುಗಬಹುದು ಎಂಬುದಕ್ಕೆ 1963ರ 'ಕ್ಲಿಯೋಪಾತ್ರ' ಇದೆ. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರ ಅದೇ, ಆದರೂ ತೆಗೆದ ಕಂಪನಿ ದಿವಾಳಿಯ ಅಂಚಿಗೆ ಹೋಗಿತ್ತು. ರಾಜ್ ಕಪೂರ್ ತಮ್ಮದೆಲ್ಲವನ್ನೂ ಒತ್ತೆಯಿಟ್ಟು ತೆಗೆದ 'ಮೇರಾ ನಾಮ್ ಜೋಕರ್' 1970ರಲ್ಲಿ ಬಂತು. ನಾಲ್ಕು ಗಂಟೆಯ ಚಿತ್ರ, ಎರಡು ಮಧ್ಯಂತರ. ಅದೂ ಮಲಗಿತು, 1973ರಲ್ಲಿ 'ಬಾಬಿ' ಬಂದು ಕೈಹಿಡಿಯಿತು.

ನಮ್ಮ ಸೀಮೆಯವರೇ ಆದ ಬಾಲಣ್ಣನನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಟಿ.ಎನ್. ಬಾಲಕೃಷ್ಣ ಹುಟ್ಟಿದ್ದು ಅರಸೀಕೆರೆಯಲ್ಲಿ. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿದು, 'ಬಂಗಾರದ ಮನುಷ್ಯ'ದ ರಾಚೂಟಪ್ಪನಂಥ ಪಾತ್ರಗಳನ್ನು ನಿಲ್ಲಿಸಿದವರು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳ ಬಾಗಿಲು ಕಾಯುತ್ತಿದ್ದ ಕಾಲದಲ್ಲಿ, ಕನ್ನಡಕ್ಕೆ ತನ್ನದೇ ಅಂಗಳ ಬೇಕೆಂದು ಬೆಂಗಳೂರಿನ ಕೆಂಗೇರಿ ಕಡೆ, ಸರ್ಕಾರ ಕೊಟ್ಟ ಇಪ್ಪತ್ತು ಎಕರೆಯಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಿದರು. ನಟಿಸಿ ದುಡಿದದ್ದು ಅಲ್ಲಿ ಕರಗಿತು. ಕಂಡ ಕನಸಿನಷ್ಟು ಅದು ಬೆಳೆಯಲಿಲ್ಲ. 1995ರಲ್ಲಿ ಅವರು ತೀರಿಕೊಂಡರು. 2009ರ ಡಿಸೆಂಬರ್ ಕೊನೆಯಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ನಡೆದದ್ದು ಅದೇ ನೆಲದಲ್ಲಿ. ಅಂದು ಆ ಸ್ಟುಡಿಯೋದ ಹೆಸರು ನಾಡಿನ ಮನೆಮನೆಯಲ್ಲೂ ಕೇಳಿಸಿತು. ಕಟ್ಟಿದವರು ಇಲ್ಲವಾಗಿ ಹದಿನಾಲ್ಕು ವರ್ಷವಾಗಿತ್ತು.

ಗುರುದತ್ತರ ಕತೆಯೂ ಹಾಗೆಯೇ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದ ಹುಡುಗ. ಅವರ ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿ ಮೈಸೂರಿನವರು, ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತವರು. ಇಬ್ಬರೂ ಸೇರಿ 1959ರಲ್ಲಿ 'ಕಾಗಜ್ ಕೆ ಫೂಲ್' ತೆಗೆದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಖಾಲಿ ಸ್ಟುಡಿಯೋದ ಕತ್ತಲಿನಲ್ಲಿ ಮೇಲಿನಿಂದ ಓರೆಯಾಗಿ ಬೆಳಕಿನ ಕೋಲೊಂದು ಇಳಿಯುತ್ತದೆ, ಅದರ ಎರಡು ಬದಿಗೆ ಇಬ್ಬರು ನಿಂತಿರುತ್ತಾರೆ. ಆ ಬೆಳಕಿಗೆ ಮೂರ್ತಿ ದೊಡ್ಡ ದೀಪ ಹುಡುಕಲಿಲ್ಲ. ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಿಂದ ಹಿಡಿದು, ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಗೆ ಕಳಿಸಿ, ಅಲ್ಲಿಂದ ನೆಲಕ್ಕಿಳಿಸಿದರು. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸಬೇಕು. ಹೊಲಕ್ಕೆ ನೀರು ಕಟ್ಟುವವನು ಮಡಿಯಿಂದ ಮಡಿಗೆ ನೀರು ತಿರುಗಿಸುವಂಥ ಕೆಲಸ.

ಜನ ಬರಲಿಲ್ಲ. ಸೋಲುವ ನಿರ್ದೇಶಕನೊಬ್ಬನ ಕತೆಯನ್ನು ಹೇಳಿದ ಚಿತ್ರ ತಾನೇ ಸೋತಿತು. ಗುರುದತ್ತ್ ಆಮೇಲೆ ಚಿತ್ರ ನಿರ್ಮಿಸಿದರು, ನಟಿಸಿದರು, ಆದರೆ ನಿರ್ದೇಶಕನೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೊಂಬತ್ತು. ಇವತ್ತು ಆ ಬೆಳಕಿನ ದೃಶ್ಯವನ್ನು ತೋರಿಸದೆ ಛಾಯಾಗ್ರಹಣದ ಪಾಠ ಮುಗಿಯುವುದಿಲ್ಲ. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಅದನ್ನು ಕೈಯಲ್ಲಿ ಹಿಡಿಯುವಾಗ ಅವರಿಗೆ ಎಂಬತ್ತಾರು ದಾಟಿತ್ತು. ಅವರಾದರೂ ಅಷ್ಟು ಕಾಲ ಬದುಕಿದ್ದರಲ್ಲ ಎಂದು ನನಗೆ ಸಮಾಧಾನ. ಕೊಬ್ಬರಿ ಸದ್ದು ಮಾಡುವುದನ್ನು ಇಬ್ಬರಲ್ಲಿ ಒಬ್ಬರಾದರೂ ಕೇಳಿಸಿಕೊಂಡರು.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಆ ಚಿತ್ರವನ್ನು ಮೊಬೈಲಿನಲ್ಲಿ ಅಪ್ಪನಿಗೆ ತೋರಿಸಿದೆ. ಮಧ್ಯಾಹ್ನದ ಊಟವಾಗಿತ್ತು, ಹಜಾರದಲ್ಲಿ ಚಾಪೆ ಹಾಸಿಕೊಂಡಿದ್ದರು. ಹಿಂದಿ ಬಾರದು, ಕಣ್ಣೂ ಮಂಜು. ಬೆಳಕು ಇಳಿಯುವ ಕಡೆ ಬಂದಾಗ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಮುಖದ ಹತ್ತಿರ ಹಿಡಿದರು.

"ನಮ್ಮಟ್ಟದಾಗೆ ಹೆಂಚು ಸರಿದಿರೋ ಕಡೆ ಬಿಸ್ಲು ಹಿಂಗೇ ಬೀಳ್ತದೆ ನೋಡು" ಎಂದರು.

ತೆಗೆದವರಿಗೆ ಇದರಿಂದ ಬಹಳ ನಷ್ಟವಾಯಿತೆಂದು ಹೇಳಿದೆ.

"ಸಾಲ ತೀರುಸುದ್ನಾ ಆ ವಯ್ಯ?"

"ಮುಂದಿನ ವರ್ಷ ಇನ್ನೊಂದು ಪಿಚ್ಚರ್ ಚೆನ್ನಾಗಿ ಓಡ್ತಪ್ಪ. ಅದರಲ್ಲಿ ಚೇತರಿಸಿಕೊಂಡ್ರು."

"ಇದೇ ಥರದ್ದಾ?"

"ಅಲ್ಲ, ಬೇರೆ ಥರದ್ದು. ಅದನ್ನ ತೆಗೆದೋರೂ ಬೇರೆಯವರು."

ಅಪ್ಪ ಹೂಂ ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೊಬೈಲನ್ನು ನನ್ನ ಕಡೆ ಚಾಚಿ, "ಆ ಬಿಸ್ಲು ಬೀಳೋದು ಇನ್ನೊಂದ್ಸಲ ಹಾಕು" ಎಂದರು.